ಅಂಜೂರದ ಬುಡಕ್ಕೆ ಹೋದ ನೀರು

"ಇವನ್ನೆಲ್ಲ ತೊಳೆದವರು ಯಾರು?"

ಬತೂಲ್ ಯಾರನ್ನೂ ಉದ್ದೇಶಿಸಿ ಕೇಳಿರಲಿಲ್ಲ. ಅಂಜೂರದ ಮರದ ಕೆಳಗೆ ಬಾಲ್ದಿ ಇತ್ತು. ಪಕ್ಕದ ಗೋಡೆಗೆ ಒರಗಿಸಿದ ಸ್ಲೇಟುಗಳು ಬಿಸಿಲಿಗೆ ಒಣಗುತ್ತಿದ್ದವು. ಒಂದರ ಮೇಲೂ ಒಂದಕ್ಷರವಿರಲಿಲ್ಲ. ಮಕ್ಕಳು ಗೇಟಿನ ಹತ್ತಿರ ಆಡುತ್ತಿದ್ದರು.

ಜಿಲ್ಲಾ ಶಿಕ್ಷಣ ಕಚೇರಿಯಿಂದ ಬಂದ ಅಧಿಕಾರಿ ಅವಳ ಹಿಂದೆಯೇ ಅಂಗಳಕ್ಕಿಳಿದರು. ಸ್ವಲ್ಪ ಹೊತ್ತಿಗೆ ಮುಂಚೆ ಅವರೇ ಶಾಲಾಪೂರ್ವ ತರಗತಿಯ ಈ ಮಕ್ಕಳಿಗೆ ಕೆಲವು ಶಬ್ದ ಹೇಳಿ ಬರೆಸಿದ್ದರು. ಬರೆದಾದ ಮೇಲೆ ಆಡಿಕೊಳ್ಳಿ ಎಂದು ಹೇಳಿ, ಸ್ಲೇಟು ಆಮೇಲೆ ನೋಡಿದರಾಯಿತೆಂದು ಮುಖ್ಯಗುರುಗಳ ಕೋಣೆಗೆ ಚಹಾ ಕುಡಿಯಲು ಹೋಗಿದ್ದರು. ಕಲಿಸಿದವಳು ಪರೀಕ್ಷೆಯ ಕೋಣೆಯಲ್ಲಿರಬಾರದೆಂದು ಬತೂಲ್‌ಳನ್ನೂ ಕರೆದುಕೊಂಡು ಹೋಗಿದ್ದರು. ಈಗ ವಾಪಸು ಬಂದು ನೋಡಿದರೆ ಬೆಂಚುಗಳು ಬರಿದು, ಸ್ಲೇಟುಗಳೂ ಬರಿದು.

ಬತೂಲ್ ಹತ್ತಿರವಿದ್ದ ಶಾಮಾಳನ್ನು ಕರೆದಳು. "ಯಾಕಮ್ಮಾ ಅಳಿಸಿದ್ರಿ?"

"ಎಲ್ಲರೂ ಸೇರಿ ಓದಿದ್ವಿ ಟೀಚರ್. ತಪ್ಪಿರ್ಲಿಲ್ಲ. ಬಾಯಿಪಾಠ ಆಯ್ತು, ತೊಳೆದ್ವಿ," ಎಂದಳು ಆ ಹುಡುಗಿ. ಮೆಚ್ಚುಗೆಗೆ ಕಾದು ನಿಂತಳು.

"ಇದು ನೀವು ಕಲಿಸಿದ್ದಾ?" ಅಧಿಕಾರಿ ಕೇಳಿದರು.

"ಹೂಂ."

"ನಾನು ಏನಂತ ಬರ್ಕೊಳ್ಲಿ ಈಗ? ಬಾಲ್ದಿ ಚೆನ್ನಾಗಿದೆ ಅಂತಲಾ?"

"ಇನ್ನೊಂದು ಸಲ ಬರೆಸಿ, ಸಾರ್. ಈಗಲೇ ಬರೀತಾರೆ."

"ಎರಡನೇ ಸಲ ಬರೆಸಿದ್ರೆ ಅದು ಪರೀಕ್ಷೆ ಅಲ್ಲ, ಅಭ್ಯಾಸ." ಅವರಿಗೆ ಇನ್ನೂ ಬೇರೆ ಊರಿನ ಶಾಲೆಗಳಿಗೆ ಹೋಗುವುದಿತ್ತು. ಕಾರು ಫೆಸ್ ರಸ್ತೆಯ ಕಡೆ ಇಳಿದುಹೋಯಿತು. ಬತೂಲ್ ಬಾಲ್ದಿಯನ್ನೆತ್ತಿ, ಸೀಮೆಸುಣ್ಣದಿಂದ ಬೆಳ್ಳಗಾದ ನೀರನ್ನು ಎಂದಿನಂತೆ ಮರದ ಬುಡಕ್ಕೆ ಹೊಯ್ದಳು. ಅಕ್ಷರ ತೊಳೆದ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವ ಅಭ್ಯಾಸ ಅವಳಿಗಿರಲಿಲ್ಲ.

ಅದು ಅವಳ ತಂದೆಯ ಮನೆಯ ಪದ್ಧತಿ. ತಂದೆ ಸೀ ಮಫದ್ದಲ್ ಊರಿನ ಫಕೀಹ್, ಎರಡು ತಲೆಮಾರಿಗೆ ಮ್ಸೀದ್ ಎಂಬ ಪಾಠಶಾಲೆಯಲ್ಲಿ ಕುರಾನ್ ಹೇಳಿಕೊಟ್ಟ ಗುರು. ಮಕ್ಕಳು ಮರದ ಹಲಗೆಯ ಮೇಲೆ ಬರೆದು, ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ ಓದುವರು. ಬಾಯಿಪಾಠವಾದ ದಿನ ಹಲಗೆ ತೊಳೆದು, ಜೇಡಿಮಣ್ಣು ಸವರಿ ಒಣಗಿಸುವರು. ತೊಳೆದ ಹಲಗೆಯೇ ಕಲಿತದ್ದಕ್ಕೆ ಸಾಕ್ಷಿ. ಬತೂಲ್ ತೊಟ್ಟಿಲಲ್ಲಿದ್ದಾಗಿನಿಂದ ಆ ದನಿಗಳನ್ನು ಕೇಳಿಯೇ ಬೆಳೆದಿದ್ದಳು. ಸರ್ಕಾರಿ ಶಾಲೆಯ ಮೂಲೆಯಲ್ಲಿ ಬಣ್ಣ ಬಳಿದ ಕೋಣೆ ಬಂದು ಅವಳಿಗೆ ಅಲ್ಲಿ ಕೆಲಸ ಸಿಕ್ಕಿದಾಗ, ಬಾಲ್ದಿಯೂ ತಾನಾಗಿ ಜೊತೆಗೆ ಬಂತು. ಮಕ್ಕಳೂ ಒಬ್ಬೊಬ್ಬರಾಗಿ ಆ ಕೋಣೆಗೇ ಬಂದರು. ಮ್ಸೀದ್ ಬರಿದಾಯಿತು. ತಂದೆ ಹಲಗೆಗಳನ್ನು ಮಾತ್ರ ಆಗಾಗ ಬಟ್ಟೆಯಲ್ಲಿ ಒರೆಸಿಡುತ್ತಿದ್ದರು.

ಫಲಿತಾಂಶ ಬಂತು. ಇಡೀ ಜಿಲ್ಲೆಯಲ್ಲಿ ಇವರ ಕೋಣೆಯೇ ಕೊನೆ. ಬೇಸಿಗೆ ರಜೆಯ ನಂತರ ಅದನ್ನು ಮುಚ್ಚಬಹುದು ಎಂದಿತ್ತು ಕಚೇರಿ. ಮಕ್ಕಳಿಗೆ ಊರಿನಲ್ಲೇ ಬೇರೆ ಜಾಗವಿದ್ದರೆ ಮಾತ್ರ.

ಮಂಗಳವಾರದ ಸಂತೆಯಲ್ಲಿ ಲಲ್ಲಾ ತಾಮು ಎದುರಾದಳು. ಅವಳ ಮಗನೂ ಆ ತರಗತಿಯಲ್ಲಿದ್ದ. "ಸ್ಲೇಟು ತೊಳೆದಷ್ಟು ಚೆನ್ನಾಗಿ ನನ್ನ ಮಗ ಮುಖ ತೊಳೆಯಲ್ಲ ಬತೂಲ್. ಅದನ್ನೂ ಒಂದಿಷ್ಟು ಕಲಿಸಬಾರ್ದಿತ್ತಾ," ಎಂದು ನಕ್ಕಳು. ಬತೂಲ್ ಕೂಡ ನಕ್ಕಳು. ಆಲಿವ್ ಕೊಂಡಳು. ಮನೆಗೆ ಬಂದು ನೋಡಿದರೆ ಕೊಂಡದ್ದು ಹಸಿರು ಆಲಿವ್. ತಂದೆ ತಿನ್ನುವುದು ಕಪ್ಪು.

ಶುಕ್ರವಾರ ನಮಾಜು ಮುಗಿದ ಮೇಲೆ ಮುಖ್ಯಗುರು ಸೀ ಬುಶ್ತಾ ಮನೆಗೆ ಬಂದರು. ಬತೂಲ್ ಕುಸ್‌ಕುಸ್ ತಟ್ಟೆಯನ್ನಿಟ್ಟು ಬಾಗಿಲ ಬಳಿ ಕುಳಿತಳು. ಮುಖ್ಯಗುರುಗಳು ಕುಂಬಳಕಾಯಿ ಹೋಳನ್ನು ಫಕೀಹರ ಕಡೆಗೆ ಸರಿಸಿದರು.

"ಸೀ ಮಫದ್ದಲ್, ದೇವರು ಒಂದು ಬಾಗಿಲು ಮುಚ್ಚಿದ್ರೆ ನಿಮ್ಮದು ತೆಗೀತಾನೆ. ಮ್ಸೀದ್ ಮತ್ತೆ ಶುರು ಮಾಡಿ. ಮಕ್ಕಳನ್ನೆಲ್ಲ ನಾನೇ ಕಳಿಸ್ತೀನಿ. ಚಾಪೆ, ಬೆಂಚು ಏನು ಬೇಕೋ ಕೊಡ್ತೀನಿ. ನೀವು ಹೂಂ ಅಂದ್ರೆ ಸಾಕು, ಕಚೇರಿಗೆ ತಿಳಿಸ್ತೀನಿ."

ಫಕೀಹರು ಹೂಂ ಅನ್ನುವರೆಂದು ಬತೂಲ್‌ಗೆ ಗೊತ್ತಿತ್ತು. ಎಷ್ಟು ವರ್ಷದಿಂದ ಅವರು ಕಾದಿದ್ದ ಅವಕಾಶ. ಗೋಡೆಯ ಗೂಡಿನಲ್ಲಿ ಹಲಗೆಗಳು ಒರೆಸಿಟ್ಟಂತೆಯೇ ಇದ್ದವು. ಅವಳಿಗೆ ಸಿಟ್ಟು ಬರಲಿಲ್ಲ. ಶಾಲೆಯ ಬಾಲ್ದಿಯನ್ನು ಮನೆಗೆ ತರಬೇಕೋ ಅಲ್ಲೇ ಬಿಡಬೇಕೋ ಎಂದು ಯೋಚಿಸಿದಳು.

"ನಾನು ತೆಗೆದ್ರೆ ಆ ಕೋಣೆ?" ಫಕೀಹರು ಕೇಳಿದರು.

"ಅದಕ್ಕೆ ಬೀಗ. ಮಕ್ಕಳಿಗೆ ಜಾಗ ಇದೆ ಅಂತಾಯ್ತಲ್ಲ."

"ತೆಗೀದಿದ್ರೆ?"

"ಹಾಗಾದ್ರೆ ಮುಚ್ಚೋಕೆ ಬರಲ್ಲ. ಇನ್ನೊಂದು ವರ್ಷ ನಡೆಸ್ಬೇಕು, ಮತ್ತೆ ಪರೀಕ್ಷೆ. ಮತ್ತೆ ಅದೇ ಅವಮಾನ. ಅದ್ಯಾಕೆ ಬೇಕು ನಿಮಗೆ?"

ಫಕೀಹರು ಬೆರಳು ಒರೆಸಿಕೊಂಡರು. ಒಂದು ಕೈ ಮೊಣಕಾಲಿನ ಮೇಲೆ, ಓದುವಾಗ ತಾಳ ಹಾಕುವಂತೆ, ಮೆಲ್ಲಗೆ ಬಡಿಯುತ್ತಿತ್ತು. ಅದು ನಿಂತಿತು.

"ಒಳ್ಳೇ ಮಾತು ಹೇಳಿದ್ರಿ. ಊಟ ಮಾಡಿ."

"ಅಂದ್ರೆ, ತೆಗೀತೀರಾ?"

"ಇಲ್ಲ," ಎಂದರು ಫಕೀಹರು. "ತೆಗೆಯಲ್ಲ."