ಗೋಡೆಯ ಮೇಲಿನ ಎಣ್ಣೆಕಲೆ

ಮಗಳು ಊಟಕ್ಕೆ ಬರಲಿಲ್ಲ. ಅವಳ ತಟ್ಟೆಯ ಮೇಲೊಂದು ತಟ್ಟೆ ಮುಚ್ಚಿಟ್ಟು ಕೋಣೆಗೆ ಹೋದೆ. ಕಂಪ್ಯೂಟರಿನ ಎದುರು ಮುಖ ಊದಿಸಿಕೊಂಡು ಕೂತಿದ್ದಳು.

ಕಾರ್ಟೂನ್ ಚಿತ್ರಗಳಿಗೆ ಹಿನ್ನೆಲೆ ಬರೆಯುವುದು ಅವಳ ಕೆಲಸ. ಮನುಷ್ಯರನ್ನು ಬೇರೆಯವರು ಕುಣಿಸುತ್ತಾರೆ. ಅವರ ಹಿಂದಿನ ಗೋಡೆ, ಬಾಗಿಲು, ಮರ ಇವಳದು. ಈ ಸಲದ ಕಥೆಯಲ್ಲಿ ಅಜ್ಜಿಯನ್ನು ಕಳೆದುಕೊಂಡ ಮಗುವೊಂದು ಅವಳ ಖಾಲಿ ಕೋಣೆಗೆ ಬರುತ್ತದೆ. ಆ ಕೋಣೆಗೆ ಮಗಳು ನಮ್ಮ ನಡುಮನೆಯ ಗೋಡೆಯನ್ನೇ ಬರೆದಿದ್ದಳು. ನನ್ನ ಅತ್ತೆ ಕುರ್ಚಿಯಲ್ಲಿ ಕೂತು ತಲೆಯೊರಗಿಸುತ್ತಿದ್ದ ಕಡೆ ಅಲ್ಲೊಂದು ಎಣ್ಣೆಯ ಕಲೆಯಿದೆ. ಅವರಿದ್ದಾಗ ಸೋಪು ಹಾಕಿ ತಿಕ್ಕಿ ತಿಕ್ಕಿ ಸೋತಿದ್ದೆ. ಅವರು ಹೋದ ಮೇಲೆ ತಿಕ್ಕಲು ಮನಸ್ಸೇ ಬಂದಿಲ್ಲ.

“ಏನಾಯ್ತೇ?”

“ನೀನೇ ನೋಡಮ್ಮ.”

ಪರದೆಯ ಮೇಲೆ ಕ್ಯಾಮೆರಾದ ನೋಟ ಬಾಗಿಲಿನಿಂದ ಹೊರಟು ಕಲೆಯ ಹತ್ತಿರ ಹತ್ತಿರ ಹೋಯಿತು. ಕಲೆಯೇ ಪರದೆಯಷ್ಟಾದಾಗ ಬಚ್ಚಲಿನ ಟೈಲ್ಸಿನಂತೆ ಬರೀ ಚೌಕಗಳು.

“ಬಣ್ಣದಲ್ಲಿ ಬರೆದು ಸ್ಕ್ಯಾನ್ ಮಾಡಿದ್ದು. ರಾಸ್ಟರ್ ಅಂತಾರೆ, ಎಲ್ಲಾ ಚುಕ್ಕಿಗಳೇ. ಹಿಗ್ಗಿಸಿದ್ರೆ ಚುಕ್ಕಿನೂ ಹಿಗ್ಗುತ್ತೆ. ಕಂಪ್ಯೂಟರಲ್ಲೇ ಗೆರೆ ಎಳೆದು ಮಾಡೋ ವೆಕ್ಟರಲ್ಲಾದ್ರೆ ಎಷ್ಟು ದೊಡ್ಡದು ಮಾಡಿದ್ರೂ ಕೆಡಲ್ಲ. ಐದು ಗಂಟೆಗೆ ವೆಕ್ಟರ್ ಕೊಡು, ಇಲ್ಲಾಂದ್ರೆ ಈ ದೃಶ್ಯ ಬೇರೆಯವರಿಗೆ ಅಂದ್ರು ನಮ್ಮ ಆಫೀಸಿನ ಮೇಡಂ.”

“ಮಾಡಿದ್ಯಾ?”

ಮಾಡಿದ್ದನ್ನು ತೋರಿಸಿದಳು. ಗೆರೆ ಒಂದೂ ಕೆಟ್ಟಿರಲಿಲ್ಲ. ಕಲೆ ಮಾತ್ರ ಕತ್ತರಿಸಿ ಅಂಟಿಸಿದ ರಟ್ಟಿನ ಹಾಗಿತ್ತು.

“ಯಾರೋ ಗೋಡೆಗೆ ಮೊಟ್ಟೆ ಎಸೆದ ಹಾಗಿದೆ,” ಎಂದೆ.

ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಿತು. “ಬೇರೆಯವರು ಆ ಕಲೆನೇ ತೆಗೆದುಹಾಕ್ತಾರಮ್ಮ. ಗಲೀಜು ಅಂದ್ಕೋತಾರೆ.”

ನಾನು ಶಾಲೆಯ ಅಂಗಿಗಳಿಗೆ ಕಸೂತಿ ಹಾಕುವವಳು. ನನಗೆ ತಿಳಿದದ್ದನ್ನು ಹೇಳಿದೆ. “ಜೇಬಿನ ಮೇಲಿನ ಹೂವು ಬೆನ್ನ ತುಂಬ ಬೇಕು ಅಂದ್ರೆ, ನಾನು ಜೇಬು ಹಿಡಿದು ಎಳೀತೀನಾ? ಬೆನ್ನಿನ ಅಳತೆಗೆ ಹೊಸದಾಗಿ ಹಾಕ್ತೀನಿ. ನಿನ್ನ ಹಾಳೇಲಿ ಕಲೆ ಎಷ್ಟಿದೆ?”

“ಹೆಬ್ಬೆರಳಿನ ಉಗುರಷ್ಟು.”

“ಅದೊಂದನ್ನೇ ಹಾಳೆ ತುಂಬ ಬರಿ.”

ಮಗಳು ನನ್ನನ್ನೇ ನೋಡಿದಳು. “ದೂರದಲ್ಲಿ ಹಳೇದು, ಹತ್ತಿರ ಹೋದಾಗ ಹೊಸದು… ಕುರ್ಚಿ, ಬಾಗಿಲು ವೆಕ್ಟರಲ್ಲೇ ಇರಲಿ. ಗಂಟೆ ಎಷ್ಟಮ್ಮ?”

“ಮೂರೂಕಾಲು.”

ಬಣ್ಣ, ಕುಂಚ ಹಿಡಿದು ನಡುಮನೆಗೆ ಓಡಿ, ಗೋಡೆಯ ಎದುರು ನೆಲದ ಮೇಲೆ ಕೂತಳು. ನಾನು ಒಣಗಿದ ಬಟ್ಟೆ ಮಡಚುತ್ತಾ ನೋಡುತ್ತಿದ್ದೆ. ಎಲ್ಲೂ ಗೆರೆ ಎಳೆಯಲಿಲ್ಲ. ಒದ್ದೆ ಹಾಳೆಯ ಮೇಲೆ ಬಣ್ಣ ತಾನಾಗಿ ಹಬ್ಬಿ, ಅಂಚಿನಲ್ಲಿ ಮಾಸಿತು. ನಾಲ್ಕೂವರೆಯಾದರೂ ಹಾಳೆ ಆರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಸಣ್ಣ ಬಿಸಿಗಿಟ್ಟು, ಬಟ್ಟೆ ಹಾಸಿ, ಹಾಳೆಯ ಹಿಂಬದಿಗೆ ಒತ್ತಿದೆ.

“ಅಮ್ಮಾ, ಸುಟ್ಟುಬಿಡ್ತೀಯಾ!”

“ಮೂವತ್ತು ವರ್ಷದಿಂದ ನಿಮ್ಮಪ್ಪನ ಅಂಗಿ ಒಂದೂ ಸುಟ್ಟಿಲ್ಲ. ಸುಮ್ನಿರು.”

ಸ್ಕ್ಯಾನ್ ಮಾಡಿ, ಐದಕ್ಕೆ ಎರಡು ನಿಮಿಷವಿದ್ದಾಗ ಕಳಿಸಿದಳು. ಸ್ವಲ್ಪ ಹೊತ್ತಿಗೆ ಮೇಡಂ ಫೋನು ಬಂತು. ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು.

“ನಾನು ಕೇಳಿದ್ದು ವೆಕ್ಟರ್ ಅಲ್ವಾ?”

“ಕುರ್ಚಿ, ಬಾಗಿಲು ವೆಕ್ಟರೇ ಮೇಡಂ. ಗೋಡೆ ಮಾತ್ರ…”

ಆ ಕಡೆ ಮೌಸ್ ಒತ್ತುವ ಸದ್ದು ಕೇಳಿತು. ಮಗಳು ನನ್ನ ಸೆರಗು ಹಿಡಿದುಕೊಂಡಳು.

“ಗೋಡೆ ಹೀಗೇ ಇರಲಿ. ದೃಶ್ಯ ನಿಂದೇ. ಇನ್ಮೇಲೆ ಕ್ಯಾಮೆರಾ ಎಲ್ಲೀವರೆಗೆ ಹೋಗುತ್ತೆ ಅಂತ ಮೊದಲೇ ಕೇಳ್ಕೋ.”

ಊಟ ಬಿಸಿ ಮಾಡಿ ತಂದಾಗ ಮಗಳು ಅಜ್ಜಿಯ ಕುರ್ಚಿಯಲ್ಲಿದ್ದಳು. ಹಿಂದಕ್ಕೆ ಒರಗಲು ಹೋದವಳು ಕಲೆಯ ನೆನಪಾಗಿ ತಟ್ಟನೆ ಮುಂದಕ್ಕೆ ಬಾಗಿದಳು.

“ಒರಗಿಕೊಳ್ಳೇ,” ಎಂದೆ.