ಜಗಲಿಯ ಮೇಲಿಟ್ಟ ಹೆಪ್ಪು

ತೊಗರಿ ಕಟ್ಟಿಗೆಯಿಂದ ಐಸ್‌ಕ್ರೀಮಿನ ಘಮ ತೆಗೆಯುತ್ತೇನೆ ಎಂದು ಸಂತೋಷಕುಮಾರ ಹೇಳಿದಾಗ ಅಫಜಲಪುರದ ಅವರ ಓಣಿಗೆ ಓಣಿಯೇ ನಕ್ಕಿತ್ತು. ಮೂಲೆಯ ಚಹಾದಂಗಡಿಯ ಗುರಣ್ಣನಂತೂ, "ಇವತ್ತ ಕಟಗಿಯಿಂದ ಐಸ್‌ಕ್ರೀಮು, ನಾಳೆ ಶಗಣಿ ಕುಳ್ಳಿನಿಂದ ಪೇಢೆ ಮಾಡ್ತಾನ ನಮ್ಮ ಸೈಂಟಿಸ್ಟು!" ಎಂದು ಗಿರಾಕಿಗಳನ್ನೆಲ್ಲ ನಗಿಸುತ್ತಿದ್ದ. ನಕ್ಕವರ ಹಲ್ಲೇನು ನಮ್ಮವೇ, ನಗಲಿ ಬಿಡು ಎನ್ನುತ್ತಿದ್ದಳು ಅವನ ಹೆಂಡತಿ ಜಯಮಾಲಾ. ಆಳಂದ ತಾಲ್ಲೂಕಿನ ನರೋಣಾದವಳು, ಅವಳೂ ರಸಾಯನಶಾಸ್ತ್ರ ಓದಿದವಳೇ. ಊರಾಚೆಯ ಕಾಲೇಜೊಂದರ ಹಳೆಯ ಗೋದಾಮನ್ನು ಗಂಡ ಹೆಂಡತಿ ಇಬ್ಬರೂ ಗುಡಿಸಿ, ಸುಣ್ಣ ಬಳಿದು ಲ್ಯಾಬು ಮಾಡಿಕೊಂಡಿದ್ದರು.

ಆ ಘಮಕ್ಕೆಲ್ಲ ಮೂಲ ಒಂದು ಹಳದಿ ಪುಡಿ. ಮಾಲಿಬ್ಡಿನಮ್, ವನೇಡಿಯಮ್ ಎಂಬ ಲೋಹಗಳು ಆಮ್ಲಜನಕದೊಂದಿಗೆ ಗೊಂಚಲುಗಟ್ಟಿ ಕೂತ ಪುಡಿ. ಅದನ್ನು ನೀರಿನಲ್ಲಿ ಕರಗಿಸಿ, ತೊಗರಿ ಕಟ್ಟಿಗೆಯ ಹೊಟ್ಟು ಹಾಕಿ ಕುದಿಸಿದರೆ, ಕಟ್ಟಿಗೆಯನ್ನು ಬಿಗಿಹಿಡಿದ ಅಂಟು ಬಿಚ್ಚಿಕೊಂಡು ವೆನಿಲ್ಲಾದ ಘಮವಾಗುತ್ತಿತ್ತು. ಪುಡಿ ಮಾತ್ರ ಸವೆಯುತ್ತಿರಲಿಲ್ಲ. ದುಡಿಯುವಾಗ ನೀಲಿಗೆ ತಿರುಗುತ್ತಿತ್ತು, ಕುದಿಯುವ ರಸಕ್ಕೆ ಗಾಳಿ ಊದಿದರೆ ಮತ್ತೆ ಹಳದಿಗೆ ಬರುತ್ತಿತ್ತು. ಹೊಸ ಪುಡಿ ಮಾಡುವುದೇನೂ ದೊಡ್ಡ ಮಾತಲ್ಲ. ಆದರೆ ಹೊಸದನ್ನು ಹಾಕಿದಾಗಲೆಲ್ಲ ಪಾತ್ರೆಯ ತಳದಲ್ಲಿ ಬರೀ ಡಾಂಬರಿನಂಥ ಕಪ್ಪು ರಾಡಿ. ಮತ್ತೆ ಮತ್ತೆ ತೊಗರಿಯ ರಸದಲ್ಲಿ ಕುದ್ದು ಬಂದ ಆ ಒಂದು ಡಬ್ಬಿಯ ಪುಡಿಗೆ ಮಾತ್ರ ಹದ ಕೂತಿತ್ತು. ಯಾಕೆ ಎಂಬುದು ಇಬ್ಬರಿಗೂ ಇನ್ನೂ ತಿಳಿದಿರಲಿಲ್ಲ.

"ಇದು ಹೆಪ್ಪು ಇದ್ದಂಗ ಜಯಾ," ಎನ್ನುತ್ತಿದ್ದ ಸಂತೋಷ. "ತೀರ್ತಂದ್ರ ಯಾರ ಮನಿಗಿ ಬಟ್ಟಲಾ ಹಿಡ್ಕೊಂಡು ಹೋಗೋಣು?"

ಲ್ಯಾಬಿನ ಓವನ್ ಕೆಟ್ಟಿದ್ದರಿಂದ ಒಂದು ದಿನ ಅವನು ಪುಡಿಯನ್ನು ಮನೆಗೆ ತಂದು ಮಾಳಿಗೆಯ ಬಿಸಿಲಿಗೆ ಒಣಹಾಕಿದ. ಜಯಮಾಲಾ ಲ್ಯಾಬಿಗೆ ಹೋದಳು. ಮಧ್ಯಾಹ್ನ ಹೊಸ ಕಟ್ಟಿಗೆ ತರಲೆಂದು ಅವನು ಹವಳಗಾದ ಕಡೆ ಬೈಕಿನಲ್ಲಿ ಹೊರಟಾಗ, ದಾರಿಯಲ್ಲಿ ಕಬ್ಬು ಹೇರಿದ ಟ್ರಾಲಿ ಅವನ ಮೇಲೆ ಮಗುಚಿತು. ಕಬ್ಬು ಸರಿಸಿ ಹೊರಗೆ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಗಿಸುತ್ತಿದ್ದ ಗುರಣ್ಣ ಅಂಗಡಿ ಮುಚ್ಚಿ ಬಂದು ಹೆಗಲು ಕೊಟ್ಟ. ಸಾವಿಗೆ ಕಣ್ಣಿಲ್ಲ ಎನ್ನುತ್ತಾರೆ. ಕಣ್ಣಷ್ಟೇ ಅಲ್ಲ, ಅದಕ್ಕೆ ನಾಚಿಕೆಯೂ ಇಲ್ಲ.

ದಿವಸದ ಕಾರ್ಯ ಮುಗಿದ ಮೇಲೆ ಜಯಮಾಲಾಳ ಫೋನಿಗೆ ಜೇವರ್ಗಿಯಿಂದ ಕರೆ ಬಂತು. ದಾಲ್ ಮಿಲ್ಲಿನ ಮಾಲೀಕ ಮುಕ್ರಮ ಸೇಠ. ಘಮ ತೆಗೆಯುವುದನ್ನು ಕಣ್ಣಾರೆ ಕಂಡರೆ ಮಿಲ್ಲಿನ ಪಕ್ಕದಲ್ಲೇ ಶೆಡ್ಡು ಹಾಕಿಸಿಕೊಡುತ್ತೇನೆ ಎಂದು ಸಂತೋಷನಿಗೆ ಮಾತು ಕೊಟ್ಟಿದ್ದವರು. "ಬೇಟಿ, ಅವನ ಕೆಲಸ ನಿಲ್ಲಬಾರ್ದು. ಶುಕ್ರವಾರ ನಮಾಜ್ ಮುಗಿಸ್ಕೊಂಡು ಬರ್ತೇನಿ, ನೀನೇ ಮಾಡಿ ತೋರಸು," ಎಂದರು. ಅತ್ತು ಅತ್ತು ಬತ್ತಿಹೋಗಿದ್ದ ಜಯಮಾಲಾ ಅಂದು ಎದ್ದು ತಲೆ ಬಾಚಿಕೊಂಡಳು. ಮನುಷ್ಯನಂತೂ ಹೋದ, ಅವನು ಮಾಡಿದ್ದಾದರೂ ಉಳಿಯಲಿ. ಅವಳಿಗೆ ಬದುಕುವುದಕ್ಕೆ ಸಿಕ್ಕಿದ್ದು ಆ ಒಂದೇ ನೆಪ.

ಆದರೆ ಡಬ್ಬಿ ಸಿಗಲಿಲ್ಲ. ಲ್ಯಾಬಿನಲ್ಲಿಲ್ಲ, ಮಾಳಿಗೆಯ ಮೇಲಿಲ್ಲ, ಬೈಕಿನ ಬ್ಯಾಗಿನಲ್ಲಿಲ್ಲ. ಮನೆಯ ಅಲಮಾರಿಗಳನ್ನೆಲ್ಲ ಬುಡಮೇಲು ಮಾಡಿ, ಸಂಜೆ ಸೋತು ಪಡಸಾಲೆಗೆ ಬಂದಳು. ಅತ್ತೆ ಸುಭದ್ರಾಬಾಯಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಕೇಳಬೇಕೆಂದು ಬಾಯಿ ತೆರೆದ ಜಯಮಾಲಾ ಹಾಗೆಯೇ ನಿಂತಳು. ಅತ್ತೆಯ ಸೀರೆಯ ಸೆರಗಿನಲ್ಲಿ ಅಂಗೈಯಷ್ಟಗಲದ ನೀಲಿ ಕಲೆ. ಆ ನೀಲಿಯನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲಳು.

"ಸೆರಗಿಗಿ ಏನ್ ಹತ್ಯದ್ರಿ ಅತ್ತಿ?"

"ಭಂಡಾರ ಬೇ, ದೇವರ ಅರಿಷಿಣ. ಮೊನ್ನೆ ದೇವರ ಜಗಲಿ ತೊಳದೆ ಹೌದಿಲ್ಲೋ? ಸಾವಾದ ಮನಿಯಾಗ ಹಳೇ ಕುಂಕುಮ, ಭಂಡಾರ ಇಡಬಾರ್ದು. ಎಲ್ಲಾ ಕಟಗೊಂಡು ಘತ್ತರಗಿಗಿ ಹೋಗಿ, ಭಾಗ್ಯವಂತಿಗಿ ಕೈಮುಗದು ಹೊಳಿಗಿ ಬಿಟ್ಟ ಬಂದೇನಿ. ಸ್ಟೀಲ್ ಡಬ್ಬಿಯಾಗಿಂದು ಒಂದೀಟು ಹಸಿ ಸೆರಗಿನ ಮ್ಯಾಲ ಬಿತ್ತು. ಹಳದಿ ಇದ್ದದ್ದು ನೀಲಿ ಆತು ನೋಡು, ಏನ್ ಸೋಜಿಗೋ. ತೊಳ್ಯಾಕ ಮನಸ ಬರವಲ್ದು."

ಜಯಮಾಲಾ ಬಗ್ಗಿ ಆ ಸೆರಗು ಹಿಡಿದು ನೋಡಿದಳು. "ಆ ಡಬ್ಬಿ ಜಗಲಿ ಮ್ಯಾಲ ಯಾರ ಇಟ್ಟಿದ್ರು?"

"ಯಾರ ಇಡ್ತಾರ? ಅಂವನೇ. ಹೋಗೋ ಮುಂದ ಇಟ್ಟು, 'ಅವ್ವಾ, ಇದನ್ನ ಯಾರಿಗೂ ಮುಟ್ಟಗೊಡಬ್ಯಾಡ' ಅಂದ. ದೇವರಂದ್ರ ಮಾರು ದೂರ ಇರಾಂವ ತಾನಾಗಿ ಭಂಡಾರ ತಂದಿಟ್ಟಾನಲ್ಲ ಅಂತ ಏಟು ಖುಷಿ ಆಗಿತ್ತು ನನಗ! ಹೊಳಿಗಿ ಬಿಡೋ ಮುಂದ ಅದಕ್ಕೇ ಅಂದೆ, ನನ್ನ ಮಗನ ಭಕ್ತಿ ಅವನ ಜೋಡಿನೇ ಹೋಗ್ಲಿ ತಾಯಿ ಅಂತ."

ಆ ಮನೆಯಲ್ಲಿ ಜಗಲಿಯ ಮೇಲಿನದನ್ನು ಸುಭದ್ರಾಬಾಯಿಯ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ಸಂತೋಷ ಲೆಕ್ಕ ಹಾಕಿದ್ದ. ಲೆಕ್ಕವೇನೂ ತಪ್ಪಿರಲಿಲ್ಲ, ಅವನು ಬದುಕಿದ್ದಿದ್ದರೆ. ಇನ್ನು ಹುಡುಕುವ ಮಾತೇ ಇಲ್ಲ. ನೀರು ಮುಟ್ಟಿದ ಕೂಡಲೇ ಕರಗುವುದು ಆ ಪುಡಿಯ ಗುಣ. ಭೀಮಾ ನದಿ ಅದನ್ನು ಯಾವಾಗಲೋ ಒಯ್ದಿತ್ತು. ಅದು ಭಂಡಾರವಲ್ಲ, ನಿಮ್ಮ ಮಗನ ಆಯುಷ್ಯದ ದುಡಿಮೆ ಎಂದು ಕಿರುಚಬೇಕು ಅನ್ನಿಸಿತು ಜಯಮಾಲಾಳಿಗೆ. ಕಿರುಚದೆ ಗೋಡೆಗೆ ಒರಗಿ ಕೂತಳು.

ಸುಭದ್ರಾಬಾಯಿ ಮೊರದ ಮೇಲೆ ಕೈಯಾಡಿಸುತ್ತಲೇ ಕೇಳಿದರು. "ಅಂವ ನಿಮ್ಮ ಲ್ಯಾಬಿನಾಗ ಏನ್ ಮಾಡ್ತಿದ್ದ ಯವ್ವಾ? ಇದ್ದಾಗ ಒಂದ ದಿನಾ ಕೇಳಲಿಲ್ಲ ನಾ. ನನಗ ತಿಳಿಯೋ ಹಂಗ ಹೇಳು."

ಎಲ್ಲೋ ಇದ್ದ ಮನಸ್ಸಿನಿಂದ ಗಂಡನ ಮಾತೇ ಅವಳ ಬಾಯಿಗೆ ಬಂತು. "ಹೆಪ್ಪು ಇರ್ತದಲ್ರಿ ಅತ್ತಿ, ಹಂಗ ಒಂದು ಪುಡಿ. ತಾ ತೀರಂಗಿಲ್ಲ, ಕಟಗಿನ ಬದಲಿ ಮಾಡ್ತದ. ಅದೊಂದಿದ್ರ ಕೆಲಸ ನಡೀತದ..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು.

ಮೊರದ ಮೇಲಿನ ಕೈ ನಿಂತಿತು. ಹೆಪ್ಪು ಅಂದರೆ ಏನೆಂದು ಸುಭದ್ರಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಹೆಪ್ಪು ತೀರಿದ್ದಿಲ್ಲ. ಮಗನ ಹೆಣ ಅಂಗಳದಲ್ಲಿದ್ದಾಗ, ಒಲೆ ಹೊತ್ತದ ಮನೆಯಲ್ಲಿ ಹೆಪ್ಪು ಸತ್ತೀತೆಂದು, ಅಳುತ್ತಲೇ ಬಟ್ಟಲನ್ನು ಪಕ್ಕದ ಮೆಹರಾಜಬೇಗಂ ಕೈಗೆ ಕೊಟ್ಟು ಕಳಿಸಿದವರು ಅವರು.

"ಪುಡಿ ಅಂದಿ," ಎಂದರು ಮೆಲ್ಲಗೆ. ಅವರ ಕೈ ಸೆರಗಿನ ಕಲೆಯ ಮೇಲೆ ಹೋಗಿತ್ತು. "ಯಾವ ಬಣ್ಣದ್ದು ಅದು?"

ಜಯಮಾಲಾ ಆ ಕೈಯನ್ನು ನೋಡಿದಳು. ಮುದುಕಿಯ ಬೆರಳು ಆ ನೀಲಿಯನ್ನು ಸವರುತ್ತಿದ್ದವು. ನಿಜ ಹೇಳಿದರೆ ಪುಡಿ ತಿರುಗಿ ಬರುವುದಿಲ್ಲ, ಈ ಜೀವವೂ ಉಳಿಯುವುದಿಲ್ಲ.

"ಬಿಳೀದ್ರಿ ಅತ್ತಿ. ಉಪ್ಪಿನ ಹಂಗ."

ಸುಭದ್ರಾಬಾಯಿಯ ಕೈ ಸೆರಗಿನಿಂದ ಮೊರಕ್ಕೆ ಮರಳಿತು. "ಈಗ ಎಲ್ಲೈತಿ?"

"ಲ್ಯಾಬಿನಾಗ್ರಿ. ಕೀಲಿ ಹಾಕಿ ಇಟ್ಟೇನ್ರಿ."

"ಜ್ವಾಕಿ ಮಾಡವ್ವ. ನನ್ನ ಮಗಂದು ಅದೊಂದರ ಉಳೀಲಿ."

"ಹ್ಞೂಂರಿ," ಎಂದು ಜಯಮಾಲಾ ಎದ್ದು ಅಡುಗೆಮನೆಗೆ ಹೋದಳು. ಬಾಗಿಲ ಮರೆಯಲ್ಲಿ ನಿಂತು ಜೇವರ್ಗಿಗೆ ಫೋನ್ ಹಚ್ಚಿದಳು. "ಶುಕ್ರವಾರ ಬರಬ್ಯಾಡ್ರಿ ಚಾಚಾ," ಎಂದಳು. "ಯಾಕ ಬೇಟಿ, ಏನಾತು?" ಎಂದು ಆ ಕಡೆಯಿಂದ ಮುಕ್ರಮ ಸೇಠರು ಕೇಳುತ್ತಲೇ ಇದ್ದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಡಸಾಲೆಯಿಂದ ಅತ್ತೆ ಕೂಗಿದರು. "ಜಯಾ, ಹಾಲಿಗಿ ಹೆಪ್ಪು ಹಾಕಿದೇನು?"

ಫೋನಿನ ಮೇಲೆ ಅಂಗೈ ಮುಚ್ಚಿ, "ಹಾಕ್ತೇನ್ರಿ," ಎಂದಳು.