ತಂಗಿಗೊಂದು ಬೇರೆ ಮಾತು

ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಗಂಟೆ ಹೊಡೆಯುವ ಹೊತ್ತಿಗೆ ಅಕ್ಕ ತಂಗಿಯನ್ನು ಕೈಹಿಡಿದು ಲೈಫ್ ಜಾಕೆಟ್ ಕಾರ್ಖಾನೆಯ ಕೆಲಸಕ್ಕೆ ಕರೆತಂದಳು. ಅಲ್ಲಿ ಜಾಕೆಟ್ಟಿನ ಅಂಚು ಅಂಟಿಸುವವರು ಹತ್ತಾರು ಹೆಂಗಸರು, ನೀರತೊಟ್ಟಿಯ ಮುಂದೆ ಅಕ್ಕ ಒಬ್ಬಳೇ. ಗಾಳಿ ತುಂಬಿದ ಜಾಕೆಟ್ಟನ್ನು ನೀರಿಗೆ ಅದುಮಿದಾಗ ಗುಳ್ಳೆ ಬಂದರೆ, ಅಂಟಿಸಿದವಳ ಕಿವಿಗೆ ಬೀಳುವಂತೆ ‘ಫೇಲ್!’ ಎಂದು ಕೂಗಬೇಕು. ಅವಳು ಎದ್ದು ಬಂದು ಒಯ್ದು ಮತ್ತೆ ಅಂಟಿಸಬೇಕು. ಆ ಶೆಡ್ಡಿನ ಪದ್ಧತಿಯೇ ಅದು.

ಮನೆಯಲ್ಲಿ ಮಾತ್ರ ಆ ಮಾತಿಗೆ ಜಾಗವಿರಲಿಲ್ಲ. ತಂಗಿ ಶಾಲೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಲೇ ಅವ್ವ ಅದನ್ನು ಹೊಸಿಲಾಚೆ ಹಾಕಿದ್ದಳು. ಬ್ರೇಕ್ ‘ಕೈಕೊಡುತ್ತಿತ್ತು’, ಕರೆಂಟು ‘ಹೋಗುತ್ತಿತ್ತು’. ಅಪ್ಪನ ಹಾರ್ಟ್ ಫೇಲಾದ ದಿನವೂ ಅವ್ವ ‘ಎದೆ ನಿಂತ್ಹೋಯ್ತು’ ಎಂದೇ ಅತ್ತಳು.

ತಂಗಿಗೆ ಈ ಕೆಲಸದಲ್ಲಿ ನೆಲೆಯೂರಬೇಕಿತ್ತು. “ಇಲ್ಲಾದ್ರೂ ನಾನು ಎಲ್ಲರ ಹಾಗಿರ್ಬೇಕು, ಅಕ್ಕ” ಎಂದಿದ್ದಳು.

ಮಧ್ಯಾಹ್ನ ಅವಳ ಮೊದಲ ಜಾಕೆಟ್ಟು ತೊಟ್ಟಿಗೆ ಬಂತು. ಗುಳ್ಳೆ ಎದ್ದವು. ‘ಫೇಲ್’ ಎನ್ನಲು ಅಕ್ಕನ ನಾಲಿಗೆ ಹೊರಳಲಿಲ್ಲ.

“ಇದು... ಇನ್ನೊಂಚೂರು ಅಂಟು ಕೇಳ್ತಿದೆ,” ಎಂದಳು ಮೆಲ್ಲಗೆ.

ಎಲ್ಲರೂ ‘ರೇಡಿಯೋ’ ಎಂದು ಕರೆಯುವ ಹೆಂಗಸು ಬಿಡುತ್ತಾಳೆಯೇ? “ಕೇಳಿದ್ರೇನ್ರೇ! ನಮ್ದಾದ್ರೆ ಫೇಲು, ತಂಗೀದಾದ್ರೆ ಬರೀ ನೆಗಡಿ!”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮೇಸ್ತ್ರಿಯೂ ನಕ್ಕು, “ಇರ್ಲಿ ಬಿಡಮ್ಮ, ಮೊದಲ ದಿನ ಯಾರದ್ದು ಸೋರಲ್ಲ?” ಎಂದ. ತಂಗಿ ತಲೆಯೆತ್ತಲಿಲ್ಲ.

ಸಂಜೆ ದಾರಿಯಲ್ಲಿ ಕೇಳಿದಳು, “ಯಾಕಕ್ಕಾ ಹಾಗಂದೆ?”

“ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಕಣೇ.”

“ಫೇಲ್ ಅಂದ್ರೆ ಅವ್ರು ಎದ್ದು ಬರ್ತಾರೆ, ತಗೊಂಡ್ಹೋಗಿ ಮತ್ತೆ ಅಂಟಿಸ್ತಾರೆ. ಅಷ್ಟೇ ತಾನೆ? ನಾನೂ ಏಳೋಕೆ ರೆಡಿಯಾಗಿದ್ದೆ. ನೀನು ಕರೀಲೇ ಇಲ್ಲ.”



ಮರುದಿನದಿಂದ ತಂಗಿ ಬಾಗಿಲಲ್ಲಿ ಕಂಡರೆ ಸಾಕು, “ನೆಗಡಿ ಬಂದ್ಲು, ಮೂಗು ಮುಚ್ಕೊಳ್ರೇ” ಎಂದು ಯಾರಾದರೊಬ್ಬರು ಅನ್ನುತ್ತಿದ್ದರು. ಅವಳ ಜಾಕೆಟ್ಟು ಮತ್ತೆ ಸೋರಿದಾಗ ಅಕ್ಕ ಗಂಟಲು ಹರಿಯುವಂತೆ ‘ಫೇಲ್!’ ಎಂದು ಕೂಗಿದಳು. ಅದಕ್ಕೂ ನಕ್ಕರು. ಆಡಿದ ಮಾತು, ಒಡೆದ ಮುತ್ತು. ಅಂಟು ಹಾಕಿದರೆ ಕೂಡೀತೇ?

ತಂಗಿ ಎದ್ದು ಬಂದು ಅದನ್ನು ಒಯ್ದಳು, ಅಚ್ಚುಕಟ್ಟಾಗಿ ಅಂಟಿಸಿಟ್ಟಳು. ಒಣಗುವುದಕ್ಕೆ ಕಾಯಲಿಲ್ಲ. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಅಕ್ಕನ ಕಡೆ ತಿರುಗದೆ ನಡೆದಳು. ದೂರದೂರಿನ ಚಿಕ್ಕಮ್ಮನ ಮನೆಗೆಂದು ಅವಳು ಬಸ್ಸು ಹತ್ತಿದ್ದು ಆ ವಾರದ ಗುರುವಾರವೇ.